ಹಳೆಯ ಎಂಜಿಬಿಯ ಕ್ಲಚ್ ಕೆಲಸ: ಎಂಜಿನ್ ಇಳಿಸಿದ ಮೇಲೆ ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು?

ನೀಲಿಬಾನೆಟ್

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 1970ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿಯ ಬಿ-ಸೀರೀಸ್ ಎಂಜಿನ್, ನಾಲ್ಕೂ ಮುಂದಿನ ಗೇರುಗಳಿಗೆ ಸಿಂಕ್ರೊ (ಗೇರು ಅರಚದೆ ಸೇರುವಂತೆ ವೇಗ ಹೊಂದಿಸುವ ಸಾಧನ) ಇರುವ ಗೇರ್‌ಬಾಕ್ಸ್, ಜೊತೆಗೆ ಓವರ್‌ಡ್ರೈವ್ (ವೇಗದ ಓಟದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್ ಘಟಕ). ಕೆಲವು ತಿಂಗಳುಗಳಿಂದ ಮೂರು ತೊಂದರೆಗಳು ಒಟ್ಟಿಗೇ ಕಾಣಿಸಿಕೊಂಡಿವೆ. ಏರಿನಲ್ಲಿ ಟಾಪ್ ಗೇರಿನಲ್ಲಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆಯೇ ಹೊರತು ಗಾಡಿಯ ವೇಗ ಏರುವುದಿಲ್ಲ. ನಿಂತಲ್ಲಿ ರಿವರ್ಸ್ ಹಾಕುವಾಗ ಗೇರು ಕರ್ರೆಂದು ಅರಚುತ್ತದೆ, ಆದರೆ ಪೆಡಲನ್ನು ಎರಡು ಸಲ ಪಂಪ್ ಮಾಡಿ ಹಾಕಿದರೆ ಅರಚಾಟ ಕಡಿಮೆಯಾಗುತ್ತದೆ. ಇವೆರಡರ ಜೊತೆಗೆ, ಪೆಡಲ್ ಒತ್ತಿದಾಗ ಮಾತ್ರ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಕಡೆಯಿಂದ ಸಣ್ಣಗೆ ಉಜ್ಜಿದಂಥ ಸದ್ದು ಬರುತ್ತದೆ.

ಈ ಕಾರಿನಲ್ಲಿ ಗೇರ್‌ಬಾಕ್ಸನ್ನು ಮಾತ್ರ ಕೆಳಗಿನಿಂದ ಇಳಿಸಲು ಬರುವುದಿಲ್ಲ, ಏನೇ ಮಾಡಿದರೂ ಎಂಜಿನ್ ಹೊರಗೆ ಬರಲೇಬೇಕು ಎಂಬುದು ನಿಮಗೆ ಗೊತ್ತೇ ಇದೆ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಿದ ಮೇಲೆ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಮತ್ತು ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಈ ಮೂರನ್ನು ಮಾತ್ರ ಬದಲಿಸಿದರೆ ಸಾಕೇ, ಅಥವಾ ಎಂಜಿನ್ನಿನ ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲಿನಿಂದ ಹಿಡಿದು ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನವರೆಗೂ ನೋಡಬೇಕೇ ಎಂಬುದು ನನ್ನ ಪ್ರಶ್ನೆ.

ಸ್ಪಾನರ್‌ಸಖ

ಎಂಜಿನ್ ಇಳಿಸುವ ಮಾತನ್ನು ಸ್ವಲ್ಪ ತಡೆಯಿರಿ. ನೀವು ಹೇಳುತ್ತಿರುವ ಮೊದಲೆರಡು ಲಕ್ಷಣಗಳು ಒಂದಕ್ಕೊಂದು ವಿರುದ್ಧವಾದವು. ಏರಿನಲ್ಲಿ ಜಾರುತ್ತಿದೆ ಎಂದರೆ ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲ. ರಿವರ್ಸ್ ಅರಚುತ್ತಿದೆ ಎಂದರೆ ಅದೇ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ. ಒಂದೇ ದೋಷದಿಂದ ಇವೆರಡೂ ಹುಟ್ಟುವುದು ಅಪರೂಪ, ಆದ್ದರಿಂದ ಇಲ್ಲಿ ಎರಡು ಬೇರೆ ಬೇರೆ ರೋಗಗಳಿವೆ ಎಂದು ಇಟ್ಟುಕೊಂಡೇ ಹುಡುಕುವುದು ಕ್ಷೇಮ. ನಿಮ್ಮ ಗೇರ್‌ಬಾಕ್ಸಿನಲ್ಲಿ ರಿವರ್ಸಿಗೆ ಸಿಂಕ್ರೊ ಇಲ್ಲದಿರುವುದರಿಂದ ಕ್ಲಚ್ ಪೂರ್ತಿ ಬಿಡದೆ ಚೂರು ಎಳೆದರೂ ಅದು ಮೊದಲು ಅಲ್ಲಿಯೇ ಕೇಳಿಸುತ್ತದೆ.

ಪಂಪ್ ಮಾಡಿದರೆ ಸುಧಾರಿಸುತ್ತದೆ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರವಿದೆ. ಅದು ಹೈಡ್ರಾಲಿಕ್ ದೋಷದ, ಅಂದರೆ ಪೆಡಲಿನ ಒತ್ತಡವನ್ನು ಎಣ್ಣೆಯ ಮೂಲಕ ಕ್ಲಚ್ಚಿಗೆ ಒಯ್ಯುವ ವ್ಯವಸ್ಥೆಯ ದೋಷದ ಗುರುತು: ಗಾಳಿ ಸೇರಿರಬೇಕು, ಇಲ್ಲವೇ ಮಾಸ್ಟರ್ (ಪೆಡಲಿನ ಬದಿಯ) ಅಥವಾ ಸ್ಲೇವ್ (ಕ್ಲಚ್ಚಿನ ಬದಿಯ) ಸಿಲಿಂಡರಿನ ರಬ್ಬರ್ ಸೀಲು ಸೋತಿರಬೇಕು. ಒಬ್ಬರನ್ನು ಪೆಡಲಿನ ಮೇಲೆ ಕೂರಿಸಿ, ನೀವು ಕೆಳಗೆ ಮಲಗಿ ಸ್ಲೇವ್ ಸಿಲಿಂಡರಿನ ಪುಶ್‌ರಾಡ್ ಎಷ್ಟು ಚಲಿಸುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಿರಿ. ಆರೋಗ್ಯವಂತ ಎಂಜಿಬಿಯಲ್ಲಿ ಅದು ಸುಮಾರು 12ರಿಂದ 13 ಮಿ.ಮೀ. ಇರುತ್ತದೆ. ಕಡಿಮೆ ಬಂದರೆ ಪೆಡಲಿಗೂ ಮಾಸ್ಟರ್ ಸಿಲಿಂಡರಿನ ರಾಡಿಗೂ ನಡುವೆ ಇರುವ ಕ್ಲೆವಿಸ್ ಪಿನ್ನನ್ನು ಹೊರತೆಗೆದು ನೋಡಿ. ಹೊರಗಿನಿಂದ ನೋಡಿದರೆ ಅದು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.

ರಬ್ಬರ್ ಹೋಸನ್ನೂ ಬಿಡಬೇಡಿ. ಹಳೆಯ ಹೋಸ್ ಒಳಗೇ ಊದಿಕೊಂಡರೆ ಎಣ್ಣೆಯನ್ನು ಒತ್ತಿ ಕಳಿಸುತ್ತದೆ, ಹಿಂತಿರುಗಲು ಬಿಡುವುದಿಲ್ಲ. ಆಗ ಪೆಡಲ್ ಬಿಟ್ಟ ಮೇಲೂ ಕ್ಲಚ್ ಅರ್ಧ ಒತ್ತಿದಂತೆಯೇ ಉಳಿದು ಜಾರತೊಡಗುತ್ತದೆ. ಪ್ಲೇಟ್ ಸವೆದಿದೆ ಎಂದು ಎಂಜಿನ್ ಇಳಿಸಿ, ಕೊನೆಗೆ ಹೋಸಿನಲ್ಲಿ ದೋಷ ಕಂಡವರು ಇದ್ದಾರೆ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲನ್ನು (ಗಾಳಿ ಹೊರಬಿಡುವ ಸಣ್ಣ ತಿರುಪು) ಕ್ಷಣಮಾತ್ರ ಸಡಿಲಿಸಿ: ಎಣ್ಣೆ ಒತ್ತಡದಿಂದ ಚಿಮ್ಮಿ, ಆಮೇಲೆ ಜಾರುವುದು ನಿಂತರೆ ಕಳ್ಳ ಸಿಕ್ಕಿದ ಹಾಗೆ.

ಹಿಂಚಕ್ರ

ಸ್ಪಾನರ್‌ಸಖ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬೆಲ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ರಂಧ್ರವಿದ್ದು, ಅದರಲ್ಲಿ ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಅಲ್ಲಾಡುತ್ತಾ ರಂಧ್ರ ಕಟ್ಟದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಅದರ ತುದಿಯಲ್ಲಿ ತೊಟ್ಟಿಕ್ಕುವ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಬೇರೆ ಕಾರುಗಳಲ್ಲಾದರೆ ಗೇರ್ ಆಯಿಲಿನ ಗಂಧಕದ ವಾಸನೆಯಿಂದ ಎಣ್ಣೆ ಎಲ್ಲಿಯದು ಎಂದು ಹೇಳಬಹುದು. ಎಂಜಿಬಿಯ ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಎಂಜಿನ್ ಆಯಿಲನ್ನೇ ಹಾಕುವುದರಿಂದ ಇಲ್ಲಿ ಮೂಗು ಕೆಲಸಕ್ಕೆ ಬಾರದು, ಬಣ್ಣವನ್ನೇ ನೋಡಬೇಕು. ಕಪ್ಪಾಗಿದ್ದರೆ ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲು, ಜೇನಿನ ಬಣ್ಣವಿದ್ದರೆ ಗೇರ್‌ಬಾಕ್ಸಿನ ಮುಂದಿನ ಸೀಲು. ತಿಳಿಯಾಗಿ, ನೀರಿನಲ್ಲಿ ಕದಡಿ ಹೋಗುವಂತಿದ್ದರೆ ಅದು ಸ್ಲೇವ್ ಸಿಲಿಂಡರಿನ ಎಣ್ಣೆ.

ನೀಲಿಬಾನೆಟ್

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆಯೇ ನೋಡಿದೆ. ಪುಶ್‌ರಾಡಿನ ಚಲನೆ 9 ಮಿ.ಮೀ. ಮಾತ್ರ ಇತ್ತು. ಕ್ಲೆವಿಸ್ ಪಿನ್ನನ್ನು ಹೊರತೆಗೆದಾಗ ಅದರ ನಡುಭಾಗದಲ್ಲಿ ಒಂದು ಬದಿಯಷ್ಟೇ ಸವೆದು, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳದ ತಗ್ಗು ಬಿದ್ದಿತ್ತು. ಪೆಡಲಿನ ರಂಧ್ರವೂ ಗುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಸ್ಲೇವ್ ಸಿಲಿಂಡರಿನ ಧೂಳುಗವಚವನ್ನು ಸರಿಸಿದರೆ ಒಳಗೆ ಒದ್ದೆ. ಪೆಡಲಿನ ರಂಧ್ರಕ್ಕೆ ಬುಷ್ ಹಾಕಿಸಿ, ಹೊಸ ಪಿನ್ನು, ಹೊಸ ಹೋಸು, ಹೊಸ ಸ್ಲೇವ್ ಸೀಲು ಹಾಕಿ ಏರ್ ತೆಗೆದ ಮೇಲೆ ಚಲನೆ 12 ಮಿ.ಮೀ. ದಾಟಿದೆ ಮತ್ತು ರಿವರ್ಸ್ ಸದ್ದಿಲ್ಲದೆ ಬೀಳುತ್ತಿದೆ.

ಆದರೆ ಏರಿನಲ್ಲಿ ಜಾರುವುದು ಹಾಗೆಯೇ ಇದೆ, ಉಜ್ಜುವ ಸದ್ದೂ ಇದೆ. ಸ್ಪ್ಲಿಟ್ ಪಿನ್ನಿನ ಎಣ್ಣೆ ಕಪ್ಪಾಗಿದೆ.

ಸ್ಪಾನರ್‌ಸಖ

ಹಾಗಾದರೆ ಎಂಜಿನ್ ಇಳಿಸಲು ಈಗ ನ್ಯಾಯವಾದ ಕಾರಣವಿದೆ. ಕಪ್ಪು ಎಣ್ಣೆ ಪ್ಲೇಟಿನ ಲೈನಿಂಗಿಗೆ (ಉಜ್ಜುವ ಪದರಕ್ಕೆ) ತಗುಲಿದ್ದರೆ ಅದನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು, ಉಜ್ಜಿ ಉಳಿಸಿಕೊಳ್ಳುವ ಹಳೆಯ ಉಪಾಯಗಳಿಗೆ ಹೋಗಬೇಡಿ. ಒಳಗೆ ಹೀರಿಕೊಂಡ ಎಣ್ಣೆ ಬಿಸಿಯಾದಾಗಲೆಲ್ಲ ಮೇಲೆ ಬರುತ್ತಲೇ ಇರುತ್ತದೆ.

ಸದ್ದಿನ ಬಗ್ಗೆ ಒಂದು ಮಾತು. ಪೆಡಲ್ ಒತ್ತಲು ಶುರುಮಾಡಿದ ಕೂಡಲೇ, ಗೇರು ನ್ಯೂಟ್ರಲ್‌ನಲ್ಲಿದ್ದರೂ ಸದ್ದು ಬಂದರೆ ಅದು ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟು ನ್ಯೂಟ್ರಲ್‌ನಲ್ಲಿ ನಿಂತಾಗ ಬಂದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನದು. ಗೇರಿನಲ್ಲಿಟ್ಟು ಪೆಡಲನ್ನು ಪೂರ್ತಿ ಒತ್ತಿ ನಿಂತಾಗ ಮಾತ್ರ ಬಂದರೆ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿದ್ದು ಇನ್‌ಪುಟ್ ಶಾಫ್ಟಿನ ಮೂತಿಯನ್ನು ಹಿಡಿಯುವ ಪೈಲಟ್ ಬುಷ್ ಮೇಲೆ ಅನುಮಾನಪಡಬೇಕು, ಏಕೆಂದರೆ ಆಗ ಕ್ರ್ಯಾಂಕ್ ತಿರುಗುತ್ತಿರುತ್ತದೆ, ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ. ಇದನ್ನು ಇಳಿಸುವ ಮೊದಲೇ ಕಿವಿಗೊಟ್ಟು ಕೇಳಿ ಬರೆದಿಟ್ಟುಕೊಳ್ಳಿ, ಬಿಚ್ಚಿದ ಮೇಲೆ ಕೇಳಲು ಸದ್ದೇ ಇರುವುದಿಲ್ಲ.

ಹಿಂಚಕ್ರ

ಇಳಿಸುವ ಮುನ್ನ ಮತ್ತೊಂದು ಪರೀಕ್ಷೆ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟ್ ಮುಂದಕ್ಕೆ ತಳ್ಳಲ್ಪಡುತ್ತದೆ, ಆ ಭಾರವನ್ನು ಥ್ರಸ್ಟ್ ವಾಷರುಗಳು ಹೊರುತ್ತವೆ. ಮುಂದಿನ ಪುಲ್ಲಿಗೆ ಡಯಲ್ ಗೇಜಿನ (ಸೂಕ್ಷ್ಮ ಚಲನೆ ಅಳೆಯುವ ಮಾಪಕ) ಮುಳ್ಳು ತಾಗಿಸಿ, ಒಬ್ಬರಿಂದ ಪೆಡಲ್ ಒತ್ತಿಸಿ, ಬಿಡಿಸಿ, ಆಮೇಲೆ ಪುಲ್ಲಿಯನ್ನು ಹಿಂದಕ್ಕೆ ತಳ್ಳಿ ಒಟ್ಟು ಆಟ ಎಷ್ಟೆಂದು ಓದಿಕೊಳ್ಳಿ. ಹೊಸದಾಗಿ ಜೋಡಿಸಿದ ಎಂಜಿನ್ನಿಗೆ ಕೈಪಿಡಿ ಹೇಳುವುದು 0.10ರಿಂದ 0.13 ಮಿ.ಮೀ. ಓಡಿದ ಎಂಜಿನ್ನಿನಲ್ಲಿ ಸ್ವಲ್ಪ ಹೆಚ್ಚಿದ್ದರೆ ಗಾಬರಿ ಬೇಡ. ಕಣ್ಣಿಗೇ ಕಾಣುವಷ್ಟು ಪುಲ್ಲಿ ಹಿಂದೆ ಮುಂದೆ ಆಡಿದರೆ ಮಾತ್ರ ಕ್ಲಚ್ಚಿನ ವಿಚಾರ ಬದಿಗಿಟ್ಟು ಸಂಪು (ಎಂಜಿನ್ನಿನ ತಳದ ಎಣ್ಣೆತೊಟ್ಟಿ) ಬಿಚ್ಚಬೇಕಾಗುತ್ತದೆ, ಥ್ರಸ್ಟ್ ವಾಷರ್ ಹೋದ ಎಂಜಿನ್ನಿಗೆ ಹೊಸ ಕ್ಲಚ್ ಹಾಕುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆ ಕಾಲದ ಕ್ಲಚ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನಿಮ್ಮ ಕಾರಿನ ಪ್ಲೇಟನ್ನು ಯಾವಾಗ ಬದಲಿಸಿದ್ದಾರೆ, ಅದರ ಮೂಲ ಯಾವುದು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಅದು ಇದೆ ಎಂದೇ ತಿಳಿದು ನಡೆದುಕೊಳ್ಳಿ. ಬೆಲ್ ಹೌಸಿಂಗಿನೊಳಗಿನ ಕರಿ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಒಣ ಬ್ರಷ್ಷಿನಿಂದ ಗುಡಿಸಬೇಡಿ. ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಹಳೆಯ ಪ್ಲೇಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯವನ್ನು ತೆಗೆದುಕೊಳ್ಳುವ ಕಡೆಗೇ ಒಪ್ಪಿಸಿ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು, ಸೂಕ್ಷ್ಮ ಧೂಳು ತಡೆಯುವ ರೆಸ್ಪಿರೇಟರ್ ಬೇಕು.

ಟ್ಯಾಪೆಟ್

ನನ್ನ ಅಭಿಪ್ರಾಯ ಸರಳವಾದದ್ದು. ಒಂದೂವರೆ ಕ್ವಿಂಟಾಲಿಗೂ ಹೆಚ್ಚು ತೂಗುವ ಎಂಜಿನ್ನನ್ನು ಹಾಯ್ಸ್ಟಿಗೆ ಕಟ್ಟಿ ಎತ್ತಿದ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸಿಬಿಡಬೇಕು: ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಅದನ್ನು ತಳ್ಳುವ ಫೋರ್ಕ್, ಪೈಲಟ್ ಬುಷ್, ಎರಡೂ ಸೀಲು, ಎಂಜಿನ್ ಮೌಂಟು, ಗೇರ್‌ಬಾಕ್ಸ್ ಮೌಂಟು, ಯುಜೆ ಕ್ರಾಸ್‌ಗಳು (ಪ್ರೊಪೆಲ್ಲರ್ ಶಾಫ್ಟಿನ ಮಡಚುವ ಕೀಲುಗಳು). ಜೊತೆಗೆ, ಹಳೆಯ ಕಾರ್ಬನ್ ರಿಲೀಸ್ ಬೇರಿಂಗನ್ನು ತೆಗೆದು ರೋಲರ್ ಬೇರಿಂಗ್ ಹಾಕಿಕೊಂಡರೆ ಆ ಚಿಂತೆಯೂ ತಪ್ಪುತ್ತದೆ. ಒಂದು ಸಣ್ಣ ಬುಷ್ಷಿಗಾಗಿ ಮತ್ತೆ ಎಂಜಿನ್ ಎತ್ತುವ ಪಾಡು ಯಾರಿಗೂ ಬೇಡ.

ಸ್ಪಾನರ್‌ಸಖ

ಟ್ಯಾಪೆಟ್ ಅವರೇ, ಸೀಲು ಮತ್ತು ಬುಷ್ಷುಗಳ ವಿಚಾರದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಬದಲಿಸುವುದು ಯಾವಾಗಲೂ ಎಲ್ಲವನ್ನೂ ಸುಧಾರಿಸಿದಂತೆ ಆಗುವುದಿಲ್ಲ. ಕಾರ್ಖಾನೆಯಿಂದ ಬಂದ ಫೋರ್ಕು ನೇರವಾಗಿದ್ದು, ಬಿರುಕಿಲ್ಲದಿದ್ದರೆ ಅದಕ್ಕೆ ಹೊಸ ಪಿವಟ್ ಬುಷ್ಷನ್ನೂ ಬೋಲ್ಟನ್ನೂ ಹಾಕಿ ಉಳಿಸಿಕೊಳ್ಳುವುದೇ ಜಾಣತನ. ಈಗ ಸಿಗುವ ರಬ್ಬರ್ ಮೌಂಟುಗಳೆಲ್ಲ ಒಂದೇ ಗುಣಮಟ್ಟದವಲ್ಲ. ಬಿರಿಯದ, ಎಣ್ಣೆ ಕುಡಿಯದ ಹಳೆಯ ಮೌಂಟನ್ನು ಕಿತ್ತೆಸೆದು ಗುರುತಿಲ್ಲದ ಹೊಸದನ್ನು ಹಾಕುವುದರಲ್ಲಿ ಲಾಭ ಕಾಣೆ. ಅಳೆದು ನೋಡಿ, ಸವೆದಿದ್ದನ್ನು ಬದಲಿಸಿ, ಸವೆಯದಿದ್ದನ್ನು ಹಾಗೆಯೇ ಬಿಡಿ.

ಕಾರ್ಬನ್ ಬೇರಿಂಗ್ ಬಗ್ಗೆ ನನ್ನ ಭಿನ್ನಾಭಿಪ್ರಾಯ ಗಟ್ಟಿಯಾಗಿಯೇ ಇದೆ. ಅದು ಗ್ರ್ಯಾಫೈಟಿನ ಒಂದು ಉಂಗುರ. ಅದರಲ್ಲಿ ಗುಂಡುಗಳಿಲ್ಲ, ಗ್ರೀಸ್ ಇಲ್ಲ, ಒಣಗಿ ಹೋಗುವಂಥದ್ದೇನೂ ಇಲ್ಲ. ಫೋರ್ಕು ಕಮಾನಿನಂತೆ ತಿರುಗುವಾಗ ಬೇರಿಂಗಿನ ಕೇಂದ್ರ ಚೂರು ಪಕ್ಕಕ್ಕೆ ಸರಿಯುತ್ತದೆ, ಆ ಸರಿದಾಟವನ್ನು ಕಾರ್ಬನ್ನಿನ ಸಪಾಟು ಮುಖ ಸಲೀಸಾಗಿ ನುಂಗಿಕೊಳ್ಳುತ್ತದೆ. ಮಾರ್ಗದರ್ಶಕ ಕೊಳವೆ ಇಲ್ಲದ ಈ ಗೇರ್‌ಬಾಕ್ಸಿನಲ್ಲಿ ರೋಲರ್ ಬೇರಿಂಗ್ ಫೋರ್ಕಿನ ಮೇಲೆಯೇ ನೇತಾಡಬೇಕಾಗಿರುವುದರಿಂದ ಅದೇ ಸರಿದಾಟ ಅದರ ಆಯಸ್ಸನ್ನು ತಿನ್ನುತ್ತದೆ. ಕಾರ್ಬನ್ ಬೇರಿಂಗಿಗೆ ಇರುವ ನಿಜವಾದ ಶತ್ರು ಚಾಲಕನ ಎಡಗಾಲು. ಸಿಗ್ನಲಿನಲ್ಲಿ ಗೇರಿನಲ್ಲಿಟ್ಟುಕೊಂಡು ಪೆಡಲ್ ಒತ್ತಿಯೇ ಕಾಯುವವರಿಗೆ, ಓಡಿಸುವಾಗ ಪೆಡಲಿನ ಮೇಲೆ ಕಾಲಿಟ್ಟುಕೊಳ್ಳುವವರಿಗೆ ಅದು ಬಾಳುವುದಿಲ್ಲ. ನ್ಯೂಟ್ರಲ್ ಮಾಡಿ ಕಾಲು ತೆಗೆಯುವ ಅಭ್ಯಾಸವಿದ್ದವರಿಗೆ ಪ್ಲೇಟ್ ಬಾಳುವಷ್ಟು ಕಾಲ ಅದೂ ಬಾಳುತ್ತದೆ.

ಟ್ಯಾಪೆಟ್

ಮೌಂಟಿನ ಮಾತನ್ನು ಒಪ್ಪುತ್ತೇನೆ. ರೋಲರ್ ಬೇರಿಂಗಿನ ಮಾತನ್ನು ಒಪ್ಪುವುದಿಲ್ಲ. ದಟ್ಟಣೆಯಲ್ಲಿ ಮೇಲಿಂದ ಮೇಲೆ ಕ್ಲಚ್ ಒತ್ತಲೇಬೇಕಾದವರ ಪಾಡು ಬೇರೆ.

ಲೇತ್‌ಕೆಲಸ

ಫ್ಲೈವೀಲಿನ ಬಗ್ಗೆ ಯಾರೂ ಇನ್ನೂ ಬಾಯಿ ಬಿಟ್ಟಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಎಂಜಿನ್ನಿನಿಂದ ಬಿಚ್ಚುವ ಮೊದಲೇ ಡಯಲ್ ಗೇಜನ್ನು ಹಿಂದಿನ ಪ್ಲೇಟಿಗೆ ಕಟ್ಟಿ, ಫ್ಲೈವೀಲಿನ ಮುಖವನ್ನು ಒಂದು ಸುತ್ತು ತಿರುಗಿಸಿ ಓಲಾಟ ಅಳೆಯಿರಿ. ತಿರುಗಿಸುವಾಗ ಕ್ರ್ಯಾಂಕನ್ನು ಒಂದೇ ದಿಕ್ಕಿಗೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಹಿಂಚಕ್ರ ಅವರು ಹೇಳಿದ ಥ್ರಸ್ಟಿನ ಆಟವೇ ಓಲಾಟದಂತೆ ಗೇಜಿನಲ್ಲಿ ಕಂಡು ದಾರಿ ತಪ್ಪಿಸುತ್ತದೆ. 0.1 ಮಿ.ಮೀ. ಮೀರಿದರೆ ಕಾರಣ ಹುಡುಕಬೇಕು ಎಂಬುದು ನಾನು ಇಟ್ಟುಕೊಂಡಿರುವ ಮಿತಿ. ಅನೇಕ ಸಲ ಕಾರಣ ಫ್ಲೈವೀಲಿನಲ್ಲಿರುವುದಿಲ್ಲ, ಕ್ರ್ಯಾಂಕಿನ ಫ್ಲಾಂಜಿಗೂ ಅದಕ್ಕೂ ನಡುವೆ ಸಿಕ್ಕಿಕೊಂಡ ತುಕ್ಕಿನ ಚಕ್ಕೆಯಲ್ಲಿರುತ್ತದೆ.

ಮುಖದ ಮೇಲೆ ನೀಲಿ ಕಲೆಗಳಿದ್ದರೆ ಆ ಜಾಗಗಳು ಬಿಸಿಗೆ ಗಟ್ಟಿಯಾಗಿವೆ ಎಂದರ್ಥ. ಅಂಥದ್ದನ್ನು ಲೇತಿನಲ್ಲಿ ಹೊಡೆಸಬೇಡಿ. ಟೂಲು ಮೆತ್ತನೆಯ ಕಡೆ ಕಚ್ಚಿ, ಗಟ್ಟಿ ಕಲೆಯ ಮೇಲೆ ಹಾರಿ ಹೋಗುತ್ತದೆ. ಮುಖ ಹೊಳೆದರೂ ಆ ಜಾಗಗಳು ಕೂದಲೆಳೆಯಷ್ಟು ಉಬ್ಬಿಯೇ ಉಳಿದು, ಗಾಡಿ ಹೊರಡುವಾಗ ನಡುಗುತ್ತದೆ. ಕಲ್ಲಿನ ಚಕ್ರವಿರುವ ಸರ್ಫೇಸ್ ಗ್ರೈಂಡಿಂಗ್ ಮೆಷಿನ್ನಿನಲ್ಲಿಯೇ ಮಾಡಿಸಿ, ಮುಖ ಶುದ್ಧವಾಗುವಷ್ಟು ಮಾತ್ರ ತೆಗೆಸಿ. ಕ್ಲಚ್ ಕವರ್ ಕೂರುವ ಜಾಗವೂ ಪ್ಲೇಟ್ ಉಜ್ಜುವ ಜಾಗವೂ ಒಂದೇ ಮಟ್ಟದಲ್ಲಿದ್ದರೆ ಇಡೀ ಮುಖವನ್ನು ಒಟ್ಟಿಗೆ ಹಿಡಿಯಬೇಕು. ಬೇರೆ ಬೇರೆ ಮಟ್ಟದಲ್ಲಿದ್ದರೆ ಎರಡರಿಂದಲೂ ಸಮನಾಗಿ ತೆಗೆಯಬೇಕು. ಉಜ್ಜುವ ಜಾಗವನ್ನಷ್ಟೇ ಇಳಿಸಿದರೆ ಹೊಸ ಪ್ಲೇಟ್ ಹಾಕಿಯೂ ಸವೆದ ಪ್ಲೇಟ್ ಹಾಕಿದಂತಾಗಿ ಪ್ರೆಶರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗಿನ ಒತ್ತುವ ಬಲ ಬೇರೆಯಾಗುತ್ತದೆ. ಡವೆಲ್ ಪಿನ್ನುಗಳನ್ನು (ಕವರನ್ನು ಸರಿಯಾದ ಜಾಗದಲ್ಲಿ ಕೂರಿಸುವ ಗೂಟಗಳು) ಮೊದಲೇ ಎಳೆದು ಜೋಪಾನವಾಗಿಡಿ. ಕೂದಲಿನಂಥ ಮೇಲ್ಪದರದ ಬಿರುಕುಗಳು ಗ್ರೈಂಡಿಂಗಿನಲ್ಲಿ ಹೋದರೆ ಸರಿ. ಬೋಲ್ಟಿನ ರಂಧ್ರದವರೆಗೆ ಓಡಿದ ಬಿರುಕು ಕಂಡರೆ ಆ ಫ್ಲೈವೀಲನ್ನು ಯಾವ ಕಾರಣಕ್ಕೂ ಮತ್ತೆ ಹಾಕಬೇಡಿ.

ಫ್ಲೈವೀಲಿನ ಸುತ್ತಲಿರುವ ರಿಂಗ್ ಗೇರಿನ ಹಲ್ಲುಗಳನ್ನೂ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ ಕಂಪ್ರೆಷನ್ನಿನ ಎದುರು ನಿಂತು, ಹೆಚ್ಚಾಗಿ ಒಂದಕ್ಕೊಂದು ಎದುರುಬದುರಾದ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ; ಸ್ಟಾರ್ಟರ್ ಕಚ್ಚಿ ಕಚ್ಚಿ ಸವೆಯುವುದೂ ಆ ಎರಡು ಜಾಗಗಳೇ. ಸವೆತ ಕೇವಲ ಹಲ್ಲಿನ ಮೂಲೆಯಲ್ಲಿದ್ದರೆ ಬಿಟ್ಟುಬಿಡಬಹುದು.

ಫ್ಲೈವೀಲಿನ ತೂಕ ಇಳಿಸುವ ಆಸೆ ಯಾರಿಗಾದರೂ ಬಂದಿದ್ದರೆ, ದೈನಂದಿನ ಓಡಾಟದ ಕಾರಿಗೆ ಅದು ಬೇಡ ಎಂದೇ ನನ್ನ ಸಲಹೆ.

ಜೀರುಂಡೆ1303

ನನ್ನದು ಫೋಕ್ಸ್‌ವ್ಯಾಗನ್ ಬೀಟಲ್, ಆದ್ದರಿಂದ ದಾರಿ ಬೇರೆಯಾದರೂ ಪಾಠ ಒಂದೇ. ನಮ್ಮಲ್ಲಿ ಎಂಜಿನ್ ಹಿಂದೆ ನಾಲ್ಕು ಮುಖ್ಯ ಬೋಲ್ಟುಗಳ ಮೇಲೆ ನಿಂತಿರುವುದರಿಂದ ಇಳಿಸುವುದು ಸುಲಭ. ಹೈಡ್ರಾಲಿಕ್ ಬದಲು ಕೇಬಲ್ ಇದೆ. ಕೇಬಲಿನ ಹಿಂತುದಿಯ ಬೌಡನ್ ಕೊಳವೆ (ಕೇಬಲ್ ಹಾದುಹೋಗುವ ಬಾಗುವ ಹೊದಿಕೆ) ಸರಿಯಾದಷ್ಟು ಬಾಗಿರದಿದ್ದರೆ ಹೊಸ ಕ್ಲಚ್ ಹಾಕಿದರೂ ನಡುಕ ಹೋಗುವುದಿಲ್ಲ. ಪೆಡಲಿನ ತುದಿಯಲ್ಲಿ 10ರಿಂದ 20 ಮಿ.ಮೀ. ಬಿಡುವು ಇಟ್ಟುಕೊಳ್ಳಬೇಕು. ಫ್ಲೈವೀಲನ್ನು ಹಿಡಿದಿರುವುದು ನಡುವಿನ ಒಂದೇ ಒಂದು 36 ಮಿ.ಮೀ. ಗ್ಲ್ಯಾಂಡ್ ನಟ್, ಅದರ ಬಿಗಿ ಸುಮಾರು 30 ಕಿಲೋಗ್ರಾಂ-ಮೀಟರ್. 6 ವೋಲ್ಟಿನ ಫ್ಲೈವೀಲಿಗೆ 109 ಹಲ್ಲು, 12 ವೋಲ್ಟಿನದಕ್ಕೆ 130. ಕ್ಲಚ್ ತರುವಾಗ ವರ್ಷ ಹೇಳುವುದಕ್ಕಿಂತ ಹಲ್ಲು ಎಣಿಸಿ ಹೇಳುವುದು ವಾಸಿ.

ನೀಲಿಬಾನೆಟ್

ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಟ್ಟಿಗೇ ಎತ್ತಿ, ನೆಲದ ಮೇಲೆ ಬೇರ್ಪಡಿಸಿದ್ದೇನೆ. ಕಂಡದ್ದನ್ನು ಹೇಳುತ್ತೇನೆ. ಪ್ಲೇಟಿನ ಫ್ಲೈವೀಲ್ ಕಡೆಯ ಲೈನಿಂಗ್ ಸವೆದು ರಿವೆಟ್ಟುಗಳ ತಲೆಯ ಮಟ್ಟಕ್ಕೆ ಇಳಿದಿದೆ. ಒಳ ಅಂಚಿನಿಂದ ಹೊರಕ್ಕೆ ಎಣ್ಣೆ ಚಿಮ್ಮಿದ ಗೆರೆಗಳು ಸುಟ್ಟು ಕಪ್ಪಾಗಿ ಹೊಳೆಯುತ್ತಿವೆ. ಕಾರ್ಬನ್ ಉಂಗುರ ಲೋಹದ ಬಟ್ಟಲಿನ ಅಂಚಿಗೆ ಬಂದು ಮುಟ್ಟಿದೆ, ಅದೂ ಓರೆಯಾಗಿ: ಮೇಲ್ಭಾಗದಲ್ಲಿ ಇನ್ನೂ ಉಳಿದಿದೆ, ಕೆಳಭಾಗದಲ್ಲಿ ಇಲ್ಲ. ಫೋರ್ಕನ್ನು ಕೈಯಲ್ಲಿ ಅಲ್ಲಾಡಿಸಿದರೆ ಪಿವಟ್ ಬೋಲ್ಟಿನ ಮೇಲೆ ಟಕಟಕ ಎನ್ನುತ್ತದೆ. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿವೆ. ಕ್ರ್ಯಾಂಕಿನ ಆಟ 0.15 ಮಿ.ಮೀ. ಬಂದಿದೆ. ಇನ್‌ಪುಟ್ ಶಾಫ್ಟಿನ ಸ್ಪ್ಲೈನುಗಳು (ಪ್ಲೇಟ್ ಕೂರುವ ಉದ್ದನೆಯ ಹಲ್ಲುಗಳು) ಚೆನ್ನಾಗಿವೆ. ಗೇರ್‌ಬಾಕ್ಸಿನ ಮುಂದಿನ ಸೀಲು ಒಣಗಿದೆ, ಸೋರಿಲ್ಲ.

ಸ್ಪಾನರ್‌ಸಖ

ಕಾರ್ಬನ್ ಓರೆಯಾಗಿ ಸವೆದದ್ದಕ್ಕೆ ಫೋರ್ಕಿನ ಬುಷ್ಷೇ ಕಾರಣ. ಅದನ್ನು ಹಾಗೆಯೇ ಬಿಟ್ಟು ಹೊಸ ಬೇರಿಂಗ್ ಹಾಕಿದರೆ ಹೊಸದೂ ಓರೆಯಾಗಿಯೇ ಸವೆಯುತ್ತದೆ. ಕ್ರ್ಯಾಂಕಿನ ಆಟದ ಬಗ್ಗೆ ಚಿಂತೆ ಬೇಡ. ಮುಂದಿನ ಸೀಲು ಸೋರದಿದ್ದರೂ ಬದಲಿಸಿ. ಹಾಕುವಾಗ ಸ್ಪ್ಲೈನುಗಳ ಮೇಲೆ ತೆಳು ಟೇಪ್ ಸುತ್ತಿಕೊಳ್ಳದಿದ್ದರೆ ಅವುಗಳ ಅಂಚು ಹೊಸ ಸೀಲಿನ ತುಟಿಯನ್ನು ಕತ್ತರಿಸುತ್ತದೆ. ಕ್ರ್ಯಾಂಕಿನ ಹಿಂದಿನ ಸೀಲು ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವ ಗೆರೆ ಬಿದ್ದಿದ್ದರೆ ಹೊಸ ಸೀಲನ್ನು ಒಂದು ಕೂದಲು ಹಿಂದೆ ಅಥವಾ ಮುಂದೆ ಕೂರಿಸಿ, ತುಟಿ ಹೊಸ ಲೋಹದ ಮೇಲೆ ಓಡಲಿ.

ಪೈಲಟ್ ಬುಷ್ಷನ್ನು ತೆಗೆಯಲು ಅದರ ಹಿಂದಿನ ಪೊಳ್ಳಿಗೆ ಗ್ರೀಸ್ ತುಂಬಿ, ಬುಷ್ಷಿನ ಒಳವ್ಯಾಸಕ್ಕೆ ಬಿಗಿಯಾಗಿ ಕೂರುವ ಉಕ್ಕಿನ ಸರಳನ್ನು ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಗ್ರೀಸಿನ ಒತ್ತಡಕ್ಕೆ ಬುಷ್ ತಾನಾಗಿ ಹಿಂದಕ್ಕೆ ಬರುತ್ತದೆ. ಹೊಸ ಬುಷ್ ರಂಧ್ರಮಯ ಕಂಚಿನದು, ಎಣ್ಣೆ ಹೀರಿಕೊಂಡಿರಬೇಕಾದದ್ದು. ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ತೆಳು ಎಣ್ಣೆ ತುಂಬಿ, ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿದರೆ ಸ್ವಲ್ಪ ಹೊತ್ತಿನಲ್ಲಿ ಹೊರಮೈಯಲ್ಲಿ ಎಣ್ಣೆಯ ಸಣ್ಣ ಹನಿಗಳು ಮೂಡುತ್ತವೆ; ಆಗ ಅದು ಸಿದ್ಧ. ಅದರೊಳಗೆ ರೀಮರ್ (ರಂಧ್ರ ಹಿಗ್ಗಿಸುವ ಉಪಕರಣ) ಓಡಿಸಬೇಡಿ, ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ. ಗ್ರೀಸನ್ನೂ ಹಚ್ಚಬೇಡಿ.

ಪ್ಲೇಟ್ ಕೂರಿಸುವಾಗ ಸ್ಪ್ರಿಂಗುಗಳಿರುವ ಉಬ್ಬಿದ ಹಬ್ ಗೇರ್‌ಬಾಕ್ಸಿನ ಕಡೆಗಿರಬೇಕು. ಫ್ಲೈವೀಲ್ ಕಡೆ ಎಂದು ಮುದ್ರೆ ಇದ್ದರೆ ಅದನ್ನೇ ನಂಬಿ. ಸ್ಪ್ಲೈನಿಗೆ ಬಿಸಿ ತಡೆಯುವ ಗ್ರೀಸನ್ನು ಕಂಡೂ ಕಾಣದಷ್ಟು ಹಚ್ಚಿ, ಪ್ಲೇಟನ್ನು ಶಾಫ್ಟಿನ ಮೇಲೆ ಹಿಂದೆ ಮುಂದೆ ಆಡಿಸಿ, ಹೊರಗೆ ಬಂದದ್ದನ್ನು ಒರೆಸಿಬಿಡಿ. ಪ್ಲೇಟನ್ನು ಸರಿಯಾಗಿ ನಡುವೆ ಹಿಡಿದಿಡುವ ಅಲೈನ್‌ಮೆಂಟ್ ಟೂಲನ್ನು ಕವರಿನ ಎಲ್ಲ ಬೋಲ್ಟುಗಳೂ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುವವರೆಗೆ ತೆಗೆಯಬೇಡಿ. ಫ್ಲೈವೀಲಿನ ಬೋಲ್ಟುಗಳಿಗೆ 40 ಪೌಂಡ್-ಅಡಿ, ಅಂದರೆ ಸುಮಾರು 54 ನ್ಯೂಟನ್-ಮೀಟರ್. ರೆಂಚಿನ ಮೇಲೆ ಎರಡೂ ಮಾಪಕಗಳಿದ್ದರೆ ಯಾವುದನ್ನು ಓದುತ್ತಿದ್ದೇವೆ ಎಂದು ಎರಡು ಸಲ ನೋಡುವುದು ಒಳ್ಳೆಯದು. ಸ್ಪಾನರುಗಳ ವಿಚಾರದಲ್ಲೂ ಅಷ್ಟೇ: ಅರ್ಧ ಇಂಚು ಅಗಲದ ಬೋಲ್ಟಿನ ತಲೆ 12.7 ಮಿ.ಮೀ., ಅದಕ್ಕೆ 13ರ ಸ್ಪಾನರ್ ಹೊಂದಿದಂತೆ ಕಂಡರೂ ಬಿಗಿಯಾದ ಬೋಲ್ಟಿನ ಮೂಲೆಗಳನ್ನು ತಿನ್ನುತ್ತದೆ.

ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವಾಗ ಅದರ ಭಾರ ಒಂದು ಕ್ಷಣವೂ ಪ್ಲೇಟಿನ ಹಬ್ಬಿನ ಮೇಲೆ ನೇತಾಡಬಾರದು. ಹೊಸ ಕ್ಲಚ್ ಎಳೆಯುತ್ತಿದೆ ಎಂದು ದೂರುವವರಲ್ಲಿ ಅನೇಕರ ಪ್ಲೇಟ್ ಬಾಗಿರುವುದು ಈ ಹಂತದಲ್ಲಿಯೇ. ಬೆಲ್ ಹೌಸಿಂಗನ್ನು ಬೋಲ್ಟುಗಳಿಂದ ಎಳೆದು ಸೇರಿಸಬಾರದು. ಅದು ಕೈಯಿಂದ ತಳ್ಳಿದಾಗಲೇ ಎಂಜಿನ್ ಪ್ಲೇಟಿಗೆ ಬಂದು ಅಂಟಬೇಕು. ಬರದಿದ್ದರೆ ಟಾಪ್ ಗೇರ್ ಹಾಕಿ, ಹಿಂದಿನ ಫ್ಲಾಂಜನ್ನು ಮೆಲ್ಲಗೆ ತಿರುಗಿಸುತ್ತಾ ತಳ್ಳಿ.

ಹಿಂಚಕ್ರ

ಪ್ರೊಪೆಲ್ಲರ್ ಶಾಫ್ಟ್ ಹೇಗೂ ಹೊರಗಿದೆ, ಕೈಯಲ್ಲಿ ಹಿಡಿದು ಎರಡೂ ಯುಜೆ ಕ್ರಾಸ್‌ಗಳನ್ನು ಎಲ್ಲ ದಿಕ್ಕಿಗೂ ಮಡಚಿ ನೋಡಿ. ಆಟವಿದ್ದರೆ ಹೋಗಿದೆ ಎಂಬುದು ಎಲ್ಲರಿಗೂ ಗೊತ್ತು. ಆಟವಿಲ್ಲದೆ, ನಡುವೆ ಒಂದು ಜಾಗದಲ್ಲಿ ಕಚ್ಚಿಕೊಂಡಂತೆ ನಿಲ್ಲುತ್ತಿದ್ದರೂ ಅದು ಹೋಗಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಸೂಜಿ ರೋಲರುಗಳು ಕ್ರಾಸಿನ ಮೇಲೆ ಗುಳಿ ಮಾಡಿಕೊಂಡಿರುತ್ತವೆ. ಜಾರುವ ಸ್ಪ್ಲೈನನ್ನು ಬಿಡಿಸಿದರೆ ಮತ್ತೆ ಸೇರಿಸುವಾಗ ಎರಡೂ ತುದಿಯ ಯೋಕುಗಳು (ಕ್ರಾಸನ್ನು ಹಿಡಿದಿರುವ ಕವಲುಗಳು) ಒಂದೇ ಸಮತಲದಲ್ಲಿರಬೇಕು, ಬಾಣದ ಗುರುತಿದ್ದರೆ ಎದುರುಬದುರಾಗಿರಬೇಕು. ಒಂದು ಹಲ್ಲು ತಪ್ಪಿದರೂ ವೇಗದಲ್ಲಿ ನೆಲ ನಡುಗುತ್ತದೆ.

ಡಿಫರೆನ್ಷಿಯಲನ್ನು ಬಿಚ್ಚುವ ಅಗತ್ಯ ನನಗೆ ಕಾಣುತ್ತಿಲ್ಲ. ಎಣ್ಣೆಯ ಮಟ್ಟ ನೋಡಿ, ಪಿನಿಯನ್ ಸೀಲು ಸೋರುತ್ತಿಲ್ಲದಿದ್ದರೆ ಹಾಗೆಯೇ ಬಿಡಿ. ಗೇರ್‌ಬಾಕ್ಸಿಗೆ ಹಿಂಬದಿಯ ಆಕ್ಸಲಿನ ಗೇರ್ ಆಯಿಲನ್ನು ಮಾತ್ರ ಹಾಕಬೇಡಿ; ಅತಿ ಒತ್ತಡದ ಕೆಲವು ಎಣ್ಣೆಗಳಲ್ಲಿರುವ ಗಂಧಕದ ಸಂಯುಕ್ತಗಳು ಕಂಚು ಹಿತ್ತಾಳೆಗಳಿಗೆ ಒಳ್ಳೆಯದಲ್ಲ, ಓವರ್‌ಡ್ರೈವಿಗೂ ಅದು ಸಲ್ಲದು.

ಟ್ಯಾಪೆಟ್

ಏರ್ ತೆಗೆಯುವ ಬಗ್ಗೆ: ಪೆಡಲ್ ತುಳಿದು ತುಳಿದು ಸುಸ್ತಾಗುವ ಬದಲು ಕೆಳಗಿನಿಂದ ಮೇಲಕ್ಕೆ ತುಂಬಿ. ಎಣ್ಣೆ ತುಂಬಿದ ದೊಡ್ಡ ಸಿರಿಂಜನ್ನು ಪಾರದರ್ಶಕ ಟ್ಯೂಬಿನಿಂದ ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ ಜೋಡಿಸಿ, ನಿಪ್ಪಲ್ ಸಡಿಲಿಸಿ ನಿಧಾನವಾಗಿ ಒತ್ತಿದರೆ ಗಾಳಿ ತನ್ನ ಸಹಜ ದಾರಿಯಲ್ಲಿಯೇ ಮೇಲೇರಿ ಮಾಸ್ಟರ್ ಸಿಲಿಂಡರಿನಿಂದ ಹೊರಹೋಗುತ್ತದೆ. ಮೇಲಿನ ಡಬ್ಬಿ ತುಂಬಿ ಚೆಲ್ಲದಂತೆ ಒಬ್ಬರು ನೋಡುತ್ತಿರಬೇಕು, ಸಾಮಾನ್ಯ ಬ್ರೇಕ್ ಎಣ್ಣೆ ಬಣ್ಣವನ್ನು ತಿನ್ನುತ್ತದೆ. ಸಿಲಿಕೋನ್ ಎಣ್ಣೆಯನ್ನು ಇದರೊಂದಿಗೆ ಬೆರೆಸಬೇಡಿ. ಮಾಸ್ಟರಿನ ರಾಡಿಗೆ ಪೆಡಲಿನ ಮೇಲ್ತುದಿಯಲ್ಲಿ ಸ್ವಲ್ಪವಾದರೂ ಬಿಡುವಿರಲಿ. ಇಲ್ಲದಿದ್ದರೆ ಎಣ್ಣೆ ಹಿಂತಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ಬಿಸಿಯಾದ ಮೇಲೆ ಹೊಸ ಕ್ಲಚ್ಚೂ ಜಾರುತ್ತದೆ.

ನೀಲಿಬಾನೆಟ್

ಕೆಲಸ ಮುಗಿದಿದೆ. ಫ್ಲೈವೀಲ್ ಗ್ರೈಂಡ್ ಮಾಡಿಸಿ, 8 ಇಂಚಿನ ಹೊಸ ಪ್ಲೇಟ್, ಹೊಸ ಪ್ರೆಶರ್ ಪ್ಲೇಟ್, ಕಾರ್ಬನ್ ಬೇರಿಂಗ್, ಫೋರ್ಕಿನ ಬುಷ್, ಪೈಲಟ್ ಬುಷ್, ಎರಡು ಸೀಲು ಮತ್ತು ಮುಂದಿನ ಯುಜೆ ಕ್ರಾಸ್ ಹಾಕಿದ್ದೇನೆ. ಮೌಂಟುಗಳು ಹಳೆಯವೇ. ಏರಿನಲ್ಲಿ ಜಾರುವುದು ನಿಂತಿದೆ, ಸದ್ದಿಲ್ಲ. ಆದರೆ ತಣ್ಣಗಿರುವಾಗ ಮೊದಲ ಗೇರಿನಲ್ಲಿ ಹೊರಡುವಾಗ ಸಣ್ಣ ನಡುಕವೊಂದಿದೆ, ಬಿಸಿಯಾದ ಮೇಲೆ ಇರುವುದಿಲ್ಲ. ಮತ್ತೆ ಬಿಚ್ಚಬೇಕೇ?

ಲೇತ್‌ಕೆಲಸ

ಈಗಲೇ ಬೇಡ. ಹೊಸ ಲೈನಿಂಗೂ ಹೊಸದಾಗಿ ಗ್ರೈಂಡ್ ಆದ ಮುಖವೂ ಒಂದಕ್ಕೊಂದು ಪೂರ್ತಿ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸಬೇಡಿ, ಭಾರ ಎಳೆಸಬೇಡಿ, ಜೋರಾಗಿ ಹೊರಡಿಸಬೇಡಿ. ಎಣ್ಣೆ ತಗುಲಿದ್ದರೆ ಅಥವಾ ಪ್ಲೇಟ್ ಬಾಗಿದ್ದರೆ ನಡುಕ ಬಿಸಿಯಾದ ಮೇಲೆ ಹೆಚ್ಚುತ್ತದೆ ಇಲ್ಲವೇ ಹಾಗೆಯೇ ಉಳಿಯುತ್ತದೆ, ನಿಮ್ಮದು ಕಡಿಮೆಯಾಗುತ್ತಿದೆ.

ಆಮೇಲೂ ಹೋಗದಿದ್ದರೆ ಕ್ಲಚ್ಚಿನ ಕಡೆ ನೋಡುವ ಮೊದಲು ಬಾನೆಟ್ ಎತ್ತಿ, ಒಬ್ಬರಿಂದ ಹ್ಯಾಂಡ್‌ಬ್ರೇಕ್ ಹಿಡಿಸಿ ಮೆಲ್ಲಗೆ ಕ್ಲಚ್ ಬಿಡಿಸಿ, ಎಂಜಿನ್ ಎಷ್ಟು ಓಲಾಡುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಿ. ಕಾರಿನ ಮುಂದೆ ಮಾತ್ರ ನಿಲ್ಲಬೇಡಿ. ಹಿಂದಿನ ಪಟ್ಟಾ ಸ್ಪ್ರಿಂಗುಗಳ ಯು-ಬೋಲ್ಟುಗಳನ್ನೂ ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜ್ ನಟ್ಟುಗಳನ್ನೂ ಆ ಸಮಯದಲ್ಲೇ ಒಮ್ಮೆ ರೆಂಚ್ ಹಿಡಿದು ಪರೀಕ್ಷಿಸಿ.

ಸ್ಪಾನರ್‌ಸಖ

ಉಳಿಸಿಕೊಂಡ ಹಳೆಯ ಮೌಂಟುಗಳ ರಬ್ಬರ್ ಈ ಪರೀಕ್ಷೆಯಲ್ಲಿ ಲೋಹದಿಂದ ಬಿಟ್ಟುಕೊಂಡು ಬಾಯ್ದೆರೆದರೆ ಟ್ಯಾಪೆಟ್ ಅವರ ಸಲಹೆಯಂತೆ ಅವನ್ನೂ ಬದಲಿಸಿ. ಅದಕ್ಕೆ ಎಂಜಿನ್ ಇಳಿಸಬೇಕಾಗಿಲ್ಲ, ಹಾಯ್ಸ್ಟಿನಿಂದ ಸ್ವಲ್ಪ ಎತ್ತಿ ಹಿಡಿದರೆ ಸಾಕು.